ಇಂಡಿಯ ಓಣಿಗಳಲ್ಲಿ ಜಿನೋವಾ

ಮೇ ತಿಂಗಳ ಕೊನೆಯ ಶುಕ್ರವಾರ, ಇಟಲಿ ದೇಶದ ಜಿನೋವಾ ಬಂದರಿನಿಂದ ಒಂದು ಪ್ರವಾಸಿ ಹಡಗು ವಿಜಯಪುರ ಜಿಲ್ಲೆಯ ಇಂಡಿ ಊರಿನ ದಾನೇಶ್ವರಿಯನ್ನು ದಡದಲ್ಲಿ ಬಿಟ್ಟು ಹೊರಟಿತು. ಆಕೆಯ ಜೊತೆ ಊರು ನೋಡಲು ಇಳಿದಿದ್ದ ಮೂವರು ಗಂಡಸರು ಹಡಗಿನೊಳಗಿದ್ದರು. ಆಕೆ ದಡದಲ್ಲಿದ್ದಾಳೆಂಬುದು ಮೂವರಿಗೂ ಗೊತ್ತಿತ್ತು. ಹಡಗಿನವರಿಗೆ ಒಬ್ಬರೂ ಹೇಳಲಿಲ್ಲ.

ಜೂನ್ ೧೬, ಸೋಮವಾರ, ಬೆಳಗಿನ ಹತ್ತೂವರೆ. ದಾನೇಶ್ವರಿ ಇಂಡಿ ಪೊಲೀಸ್ ಠಾಣೆಗೆ ಬಂದು, ಬಾಗಿಲ ಬಳಿಯ ಬೆಂಚಿನ ಮೇಲೆ ಕೂಡದೆ, ನೇರ ಮೇಜಿನ ಮುಂದೆ ನಿಂತಳು. ಮೂವತ್ತಾರರ ಹೆಣ್ಣುಮಗಳು, ಹೆಗಲಿಗೆ ಕಂದು ಬಣ್ಣದ ಬ್ಯಾಗು. ಮಾರ್ಕೆಟ್ ರಸ್ತೆಯಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟವಳು. ಅಂಗಡಿಯ ಗೋಡೆಯ ಮೇಲೆ ಬುದ್ಧನ ಪಟ, ಪಟದ ಕೆಳಗೆ ತಾಯಿ ಮರೆವ್ವನ ಕುರ್ಚಿ. ಮರೆವ್ವ ಯಾವ ಲಿಂಬೆ ತೋಟಗಳಲ್ಲಿ ಕೂಲಿ ಮಾಡಿದ್ದಳೋ ಆ ತೋಟಗಳಿಗೆಲ್ಲ ಈಗ ಮಗಳ ಅಂಗಡಿಯ ಪೈಪಿನಿಂದಲೇ ನೀರು ಹೋಗುತ್ತದೆ. ತೋಟದ ಯಜಮಾನರು ಬರುತ್ತಾರೆ, ಪೈಪು ಒಯ್ಯುತ್ತಾರೆ. ಚಹಾ ಮಾತ್ರ ಬೇಡವೆನ್ನುತ್ತಾರೆ.

ದೂರು ಬರೆದುಕೊಳ್ಳಲು ಕುಳಿತವನು ಹೆಡ್ ಕಾನ್ಸ್‌ಟೇಬಲ್ ಕಾಸಿಂಸಾಬ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ.

“ಘಟನೆ ನಡದ ಜಾಗಾ?”

“ಜಿನೋವಾ.”

“ಅದ್ ಯಾ ತಾಲೂಕಿಗೆ ಬರತೈತಿ ತಂಗಿ?”

“ಇಟಲಿರಿ.”

ಕಾಸಿಂಸಾಬನ ಪೆನ್ನು ನಿಂತಿತು. “ಇಲ್ಲೊಂದು ಕಾಲಂ ಐತಿ ನೋಡು. ಠಾಣೆಯಿಂದ ಎಷ್ಟ ದೂರ, ಯಾ ದಿಕ್ಕು. ಏನಂತ ಬರೀಲಿ?”

“ದಿಕ್ಕು ಪಡುವಣ. ದೂರ ಭಾಳ.”

“ಭಾಳ ಅಂತ ಬರದ್ರ ಕಂಪ್ಯೂಟರ್ ತಗೊಳ್ಳೂದಿಲ್ಲ.”

ಒಳಗಿನ ಕೋಣೆಯಿಂದ ಪಿಎಸ್ಐ ರೇಣುಕಾ ಎದ್ದು ಬಂದಳು. ಮುಳವಾಡದ ಕುರಿಗಾರರ ಮನೆಯ ಮಗಳು. ಇಂಡಿ ಠಾಣೆಗೆ ಬಂದು ವರ್ಷವಾಗಿತ್ತು. “ನಮ್ಮ ದೇಶದ ಮನಷ್ಯಾ ಹೊರದೇಶದಾಗ ಗುನ್ನೆ ಮಾಡಿದ್ರೂ ಇಲ್ಲಿ ದಾಖಲ ಮಾಡಬಹುದ್ರಿ ಸಾಬ್ರ. ಕೋರ್ಟಿಗೆ ಹೋಗೂಮುಂದ ದಿಲ್ಲಿ ಅನುಮತಿ ಬೇಕು, ತನಿಖಾಕ್ಕ ಬೇಕಾಗಿಲ್ಲ. ದಾನೇಶ್ವರಿಯವರ, ನೀವು ಕುಂತು ಹೇಳ್ರಿ.”

ದಾನೇಶ್ವರಿ ಕುಳಿತು ಹೇಳಿದಳು. ಪೈಪಿನ ಕಂಪನಿಯೊಂದು ಹೆಚ್ಚು ವ್ಯಾಪಾರ ಮಾಡಿದ ಡೀಲರುಗಳನ್ನು ಹಡಗಿನಲ್ಲಿ ಯುರೋಪು ತಿರುಗಿಸುತ್ತದೆ. ಈ ಸಲ ವಿಜಯಪುರ ಜಿಲ್ಲೆಯಿಂದ ನಾಲ್ವರು: ಇಂಡಿಯಿಂದ ತಾನು, ಸಿಂದಗಿಯಿಂದ ಶಂಕರೆಪ್ಪ, ಮುದ್ದೇಬಿಹಾಳದಿಂದ ಸೋಮನಿಂಗ, ಬಸವನ ಬಾಗೇವಾಡಿಯಿಂದ ಸಂಗು. ಜಿನೋವಾದಲ್ಲಿ ಹಡಗು ಒಂದು ಹಗಲು ನಿಂತಿತು. ನಾಲ್ವರೂ ಇಳಿದು ಹಳೆಯ ಊರನ್ನು ಕಾಲ್ನಡಿಗೆಯಲ್ಲೇ ನೋಡಿದರು. ತಿರುಗಿ ಬಂದರಿನ ಗೇಟಿಗೆ ಬಂದಾಗ ಹಡಗು ಹತ್ತುವ ಕಾರ್ಡು ಆಕೆಯ ಬ್ಯಾಗಿನಲ್ಲಿರಲಿಲ್ಲ.

“ಆಗ ಶಂಕ್ರೆಪ್ಪಣ್ಣ ಅಂದ, ಗುಡಿ ಹತ್ರ ಬಿದ್ದಿರಬೇಕು, ಓಡಿ ಹೋಗಿ ನೋಡಿ ಬಾ ತಂಗಿ, ಹಡಗಿನವ್ರಿಗೆ ನಾವ್ ಹೇಳತೇವಿ ಅಂತ. ಓಡಿದೆ. ಕಾರ್ಡು ಸಿಗಲಿಲ್ಲ. ಬರೂದ್ರಾಗ ಹಡಗ ಬಿಟ್ಟಿತ್ತು.”

“ಅವತ್ತ ಸಂಜಿಗೆ ಹಡಗದಾಗ ಏನಿತ್ತು?”

“ಕಾರ್ಯಕ್ರಮ. ಜಿಲ್ಲಾ ಏಜೆನ್ಸಿ ನನಗ ಅಂತ ಗೊತ್ತಾಗಿತ್ತು. ಸ್ಟೇಜಿನ ಮ್ಯಾಲ ಕರದು ಕೊಡಾವ್ರಿದ್ರು. ಹೆಸರ ಕರದಾಗ ನಾ ಇರಲಿಲ್ಲ. ಎರಡನೇ ನಂಬರಿನ ಸೋಮನಿಂಗಣ್ಣಗ ಕೊಟ್ರು.” ಆಕೆ ಬ್ಯಾಗಿನಿಂದ ಒಂದು ಹಾಳೆ ತೆಗೆದಳು. “ಕಂಪನಿಯವ್ರು ನನಗಿದನ್ನ ಕಳಿಸ್ಯಾರ. ಹೇಳದೆ ಕೇಳದೆ ಗೈರಾದ ಬೇಜವಾಬ್ದಾರಿ ಡೀಲರ್ ಅಂತ. ಮುಂದಿನ ತಿಂಗಳ ವಿಜಯಪುರದಾಗ ಮೀಟಿಂಗ್ ಐತಿ. ಅಲ್ಲಿ ಏಜೆನ್ಸಿ ಸೋಮನಿಂಗಣ್ಣಗ ಕಾಯಂ ಆಗತೈತಿ. ನಾ ಬೇಜವಾಬ್ದಾರಿ ಅಲ್ರಿ ಮೇಡಂ. ಅದೊಂದು ಮಾತು ಅಳಸಬೇಕು.”

“ಬ್ಯಾಗ್ ಎಲ್ಲಿ ಇಳಿಸಿದ್ರಿ?”

“ಹೆಗಲಿಂದ ಇಳಿಸೇ ಇಲ್ರಿ.” ದಾನೇಶ್ವರಿ ತಡವರಿಸದೆ ಹೇಳಿದಳು.

“ಬ್ಯಾಗಿನ್ಯಾಗ ರೊಕ್ಕಾ ಇತ್ತೇನು?”

“ಇತ್ತು. ಮೊಬೈಲೂ ಇತ್ತು. ಅವೆಲ್ಲ ಹಂಗs ಅದಾವ.”

ಕಿಸೆಗಳ್ಳ ಹಣ ಬಿಟ್ಟು ಪ್ಲಾಸ್ಟಿಕ್ ಕಾರ್ಡು ಒಯ್ಯುವುದಿಲ್ಲ. ರೇಣುಕಾ ಅಷ್ಟನ್ನು ಗುರುತು ಹಾಕಿಕೊಂಡಳು. ಕಳವು ಮತ್ತು ವಂಚನೆಯೆಂದು ಎಫ್‌ಐಆರ್ ಆಯಿತು.

ಸಹಿ ಹಾಕುತ್ತಿದ್ದ ದಾನೇಶ್ವರಿಯನ್ನು ಕಾಸಿಂಸಾಬ ಕೇಳಿದ: “ಒಬ್ಬಾಕೀನs ಆ ದೇಶದಾಗ ಏನ್ ಮಾಡಿದಿ ತಂಗಿ? ಅಂಜಿಕಿ ಬರಲಿಲ್ಲ?”

“ಒಂದ್ ತಾಸು ಅತ್ತೆ. ಆಮ್ಯಾಲ ಹಸಿವಾತು.” ಆಕೆ ನಕ್ಕಳು. “ಹಡಗಿನವ್ರು ನನ್ನ ಪಾಸ್‌ಪೋರ್ಟ್ ಬಂದರದ ಆಫೀಸಿನ್ಯಾಗ ಕೊಟ್ಟ ಹೋಗಿದ್ರು. ಎರಡ್ ದಿನ ಬಿಟ್ಟು ವಿಮಾನ. ಅಲ್ಲೊಬ್ಬ ಬಾಂಗ್ಲಾದಾಂವ, ಜೈನುದ್ದೀನ ಅಂತ, ಕಾಯಿಪಲ್ಲೆ ಅಂಗಡಿ ಇಟ್ಟಾನ. ಅವ್ನ ಹೇಣ್ತಿ ನನ್ನ ಮನ್ಯಾಗ ಇಟಗೊಂಡ್ಳು. ನನಗ ಹಿಂದಿ ಅರ್ಧಾ ಬರ್ತಿತ್ತು, ಅವ್ರಿಗೆ ಪಾವು. ಊರೆಲ್ಲ ತಿರುಗಿದೆ. ಅವ್ರು ಮೂರೂ ಮಂದಿ ಒಂದ್ ಹಗಲ ನೋಡ್ಯಾರ, ನಾ ಜಿನೋವಾನ ಮೂಲಿಮೂಲಿ ನೋಡೇನಿ. ಅಲ್ಲಿ ಲಿಂಬಿಹಣ್ಣು ಮುಷ್ಟಿಗಿಂತಾ ದಪ್ಪ ಅದಾವ್ರಿ, ಹಿಂಡಿದ್ರ ರಸಾನs ಇಲ್ಲ. ಬರೇ ತೊಗಲು. ಇಂಡಿ ಲಿಂಬಿ ತೋರಸ್ತೇನಿ ಬಾ ಅಂತ ಅಂವಗ ಹೇಳಿ ಬಂದೇನಿ.”

ಮರುದಿನದಿಂದ ಮೂವರನ್ನೂ ಒಬ್ಬೊಬ್ಬರಾಗಿ ಕರೆಸಲಾಯಿತು.

ಮೊದಲು ಬಂದವನು ಮುದ್ದೇಬಿಹಾಳದ ಸೋಮನಿಂಗ. ಲಾಭವಾದದ್ದು ತನಗೇ ಎಂಬುದು ಗೊತ್ತಿದ್ದರಿಂದ ಬರುವಾಗಲೇ ಬೆವರಿದ್ದ.

“ಏಜೆನ್ಸಿ ನಿಮಗ ಬಂತಲ್ಲ?”

“ಬಂತ್ರಿ. ಬಂದಾಗಿಂದ ನಿದ್ದಿ ಬಂದಿಲ್ರಿ.”

“ಗುಡ್ಯಾಗ ಏನ್ ನೋಡಿದ್ರಿ?”

ಸೋಮನಿಂಗನ ಮುಖ ಅರಳಿತು. “ಬಾಂಬ್ ನೋಡಿದ್ವಿರಿ! ಹಿಂದಕ ಯುದ್ಧದಾಗ ಸಮುದ್ರದಿಂದ ಹಾರಿಸಿದ ತೋಪಿನ ಗುಂಡು ಸೀದಾ ಮಾಳಗಿ ಹರದು ಗುಡಿಯೊಳಗ ಬಿದ್ದು, ಒಡೀದs ಉಳೀತಂತ. ಒಬ್ರ್ ಕೂದಲಾನೂ ಕೊಂಕಲಿಲ್ಲಂತ. ಅದನ್ನs ಗ್ವಾಡಿ ಬಾಜೂಕ ಇಟ್ಟಾರ. ನನ್ನ ಎದಿಮಟ ಬರತೈತ್ರಿ!”

ಬಾಗೇವಾಡಿಯ ಸಂಗು, ನಾಲ್ವರಲ್ಲಿ ಕಿರಿಯ, ಕೈ ಅಗಲಿಸಿ ಅದೇ ಗುಂಡಿನ ಅಳತೆ ತೋರಿಸಿದ. ಜೊತೆಗೆ ಇನ್ನೊಂದು ಸುದ್ದಿ ಹೇಳಿದ: “ಹಡಗಿನ ಊಟ ಸಪ್ಪನ್ನದು ನೋಡ್ರಿ. ದಾನಕ್ಕನ ಅವ್ವ ಮರೆವ್ವ ಕಟ್ಟಿ ಕೊಟ್ಟಿದ್ದ ಶೇಂಗಾ ಚಟ್ನಿ ಡಬ್ಬಿ ಒಂದs ನಮ್ಮನ್ನ ಉಳಿಸಿತು. ನಾಕೂ ಮಂದಿ ಒಂದs ಟೇಬಲ್ಲು. ಕಂಪನಿ ಹುಡುಗಿ ದಿನಾ ಫೋಟೋ ಹೊಡದು ಗ್ರೂಪಿಗೆ ಹಾಕ್ತಿದ್ಲು. ನಮ್ಮೂರಾಗೆಲ್ಲ ನೋಡ್ಯಾರ್ರಿ.”

“ಅವತ್ತ ದಾನೇಶ್ವರಿಗೆ ಏಜೆನ್ಸಿ ಯಾರ ಕೈಲೆ ಕೊಡಸಾವ್ರಿದ್ರು?”

“ಶಾಲು ರುಮಾಲು ಹಾಕಾವ್ರು ಶಂಕ್ರೆಪ್ಪ ಸಾವಕಾರ್ರಿ. ಜಿಲ್ಲಾದಾಗ ಹಿರೀ ಡೀಲರ್ ಅಂವ್ರs.”

ಸಿಂದಗಿಯ ಶಂಕರೆಪ್ಪ ಕೊನೆಗೆ ಬಂದ. ಐವತ್ತು ದಾಟಿದ ದುಂಡು ಮೈಯ ನಗೆಗಾರ. ಠಾಣೆಯ ಬೆಂಚು ಕಿರುಗುಟ್ಟಿದರೆ “ಹಡಗೂ ಹಿಂಗs ಅನ್ನತಿತ್ರಿ” ಎಂದು ಕಾಸಿಂಸಾಬನನ್ನೂ ನಗಿಸಿದ. ಗುಡಿಯ ಮುಂದಿನ ಎರಡು ಕಲ್ಲಿನ ಸಿಂಹಗಳನ್ನು ಬಣ್ಣಿಸಿದ. ಒಂದು ಅಳುವ ಹಾಗಿತ್ತು, ಇನ್ನೊಂದು ತನ್ನ ಸೋದರಮಾವನ ಹಾಗಿತ್ತು ಎಂದ.

“ಹಡಗಿನವ್ರಿಗೆ ನೀವು ಹೇಳ್ಲಿಲ್ಲ ಯಾಕ?”

“ಹೇಳಿದ್ನಿರಿ. ನನ್ನ ಇಂಗ್ಲೀಷ್ ಅವ್ರಿಗೆ ತಿಳೀಲಿಲ್ಲ.”

ಕಾರ್ಡಿನ ವಿಷಯಕ್ಕೆ ಮೂವರದೂ ಒಂದೇ ಮಾತು, ಅಕ್ಷರ ಆಚೀಚೆಯಿಲ್ಲ: ಗುಡಿಯೊಳಗೆ ಎಲ್ಲರೂ ಕೂಡಿಯೇ ಹೋದೆವು, ಕೂಡಿಯೇ ಹೊರಗೆ ಬಂದೆವು.

“ಸೋಮನಿಂಗನs ಮೇಡಂ,” ಎಂದ ಕಾಸಿಂಸಾಬ. “ಯಾರಿಗೆ ಫಾಯದೆ ಆತು ನೋಡ್ರಿ.”

“ಮೂವರ ಮಾತೂ ಒಂದs ಅಚ್ಚಿನ್ಯಾಗ ಬಂದಂಗದಾವ ಸಾಬ್ರ. ಅದು ನನಗ ಬ್ಯಾಸರ.” ರೇಣುಕಾ ಕಿಟಕಿಯಾಚೆ ನೋಡುತ್ತ ಹೇಳಿದಳು. “ಕುರಿ ಕಳದ್ರ ನಮ್ಮಪ್ಪ ಏನ್ ಮಾಡತಿದ್ದ ಗೊತ್ತೇನ್ರಿ? ಕೂಗಾಡಕೋತ ಹುಡುಕತಿರಲಿಲ್ಲ. ಉಳದ ಹಿಂಡನ್ನ ಬಂದ ದಾರಿಲೆ ತಿರುಗಿ ಹೊಡೀತಿದ್ದ. ಕುರಿ ಎಲ್ಲಿ ಅಗಲಿತ್ತೋ ಅಲ್ಲಿ ಹಿಂಡು ತಾನs ನಿಂದರತಿತ್ತು.”

“ಆ ದಾರಿ ಇಟಲ್ಯಾಗ ಐತಲ್ರಿ ಮೇಡಂ. ನಮ್ಮ ಜೀಪಿನ ಡೀಸೆಲ್ ಬಾಜೂಕಿನ ಝಳಕಿ ಮಟಾನೂ ಸಾಲೂದಿಲ್ಲ.”

“ದಾರಿ ಇಲ್ಲೇ ಮಾಡೂಣು.”

ಜೂನ್ ೨೨, ಭಾನುವಾರ, ಬೆಳಿಗ್ಗೆ ಏಳು. ಇಂಡಿಯ ಬಸ್ ನಿಲ್ದಾಣ ಜಿನೋವಾದಲ್ಲಿ ಹಡಗು ನಿಂತ ಬಂದರಾಯಿತು.

ದಾನೇಶ್ವರಿ ಮುಂದೆ ನಿಂತು ಊರನ್ನು ಜೋಡಿಸಿದಳು. ಲಿಂಬೆ ಮಾರುಕಟ್ಟೆಯ ಅಂಗಳ ಹಳೆಯ ಬಂದರು. ಅಲ್ಲಿಂದ ಒಳಗೆ ಹೋಗುವ ಸಂದಿ, ಹಡಗಿನ ಸರಕು ಹೊರುವವರು ವಾಸವಿದ್ದ ಓಣಿ. ವೃತ್ತದ ಒಣಗಿದ ಕಾರಂಜಿಯೇ ಅಲ್ಲಿಯ ದೊಡ್ಡ ಕಾರಂಜಿ. ಹಳೆಯ ಗ್ರಂಥಾಲಯದ ಅಗಲ ಮೆಟ್ಟಿಲು, ಕರಿಬಿಳಿ ಪಟ್ಟೆಯ ದೊಡ್ಡ ಚರ್ಚು. ಚರ್ಚನ್ನು ನಾಲ್ವರೂ ಮೊದಲ ದಿನದಿಂದ ಗುಡಿ ಎಂದೇ ಕರೆದಿದ್ದರು, ರೇಣುಕಾ ತಿದ್ದಲಿಲ್ಲ. ಇಬ್ಬರು ಪಂಚರು ಬಂದರು. ಇದು ಸ್ಥಳ ಪಂಚನಾಮೆಯಲ್ಲ, ಘಟನೆಯ ಪುನರ್‌ರಚನೆ ಮಾತ್ರ ಎಂದು ರೇಣುಕಾ ಮೊದಲೇ ಬರೆಸಿದಳು.

“ಕೋರ್ಟಿನ್ಯಾಗ ಇದು ನಿಂದರೂದಿಲ್ರಿ,” ಎಂದ ಕಾಸಿಂಸಾಬ.

“ಕೋರ್ಟಿಗಲ್ರಿ, ನನಗ.” ಆಕೆ ನಾಲ್ವರ ಕಡೆ ತಿರುಗಿದಳು. “ಯೋಚನೆ ಮಾಡಿ ನಡೀಬ್ಯಾಡ್ರಿ. ಅವತ್ತ ಹ್ಯಾಂಗ ನಡದಿದ್ರೋ ಹಂಗs ನಡೀರಿ. ಮಾತೂ ಅವತ್ತಿನವs ಆಡ್ರಿ.”

ಮೊದಲು ನಾಲ್ವರೂ ಮದುವೆಗೆ ಬಂದ ಬೀಗರ ಹಾಗೆ ಬಿಗಿಯಾಗಿ ನಡೆದರು. ಲಿಂಬೆ ಮಾರುಕಟ್ಟೆ ದಾಟುವಷ್ಟರಲ್ಲಿ ಶಂಕರೆಪ್ಪ, “ಇಲ್ಲೆ ಸಂಗ್ಯಾ ಐಸ್‌ಕ್ರೀಂ ತಗೊಂಡು ಅಂಗಿ ಮ್ಯಾಲ ಕೆಡವಿಕೊಂಡ” ಎಂದ. ಸಂಗು ತನ್ನ ಅಂಗಿ ನೋಡಿಕೊಂಡ. ಸೋಮನಿಂಗ ನಕ್ಕ. ಅಲ್ಲಿಂದ ನಡಿಗೆ ಸಡಿಲವಾಯಿತು.

ಸಂದಿಯೊಳಗೆ ಹೊಕ್ಕಾಗ ಹಿಂದೆ ಅರ್ಧ ಇಂಡಿ ಬಂದಿತ್ತು. ಸಿನಿಮಾ ಶೂಟಿಂಗ್ ಎಂದು ಯಾರೋ ಹಬ್ಬಿಸಿದ್ದರು.

“ಇದ ಓಣಿ ನೋಡ್ರಿ,” ದಾನೇಶ್ವರಿ ಕೈ ಮೇಲೆತ್ತಿ ತೋರಿಸಿದಳು. “ಎರಡೂ ಕಡೆ ಏಳ್ ಮಾಳಗಿ ಮನಿ. ಆಕಾಶ ಅಂದ್ರ ಒಂದ ಗೇಣು. ಈ ಮನಿಯಿಂದ ಆ ಮನಿಗೆ ಹಗ್ಗಾ ಕಟ್ಟಿ ಅರಿಬಿ ಒಣಗ ಹಾಕಿರತಾರ. ಸಾಮಾನ್ ಬೇಕಾದ್ರ ಮುದುಕ್ಯಾರು ಮ್ಯಾಲಿಂದ ಹಗ್ಗಾ ಕಟ್ಟಿ ಬುಟ್ಟಿ ಬಿಡತಾರ.”

ಹೊಸ್ತಿಲ ಮೇಲೆ ಕೂತಿದ್ದ ಪೀರಬಿ ಎಂಬ ಮುದುಕಿ ಕೇಳಿಸಿಕೊಂಡಳು. “ಯವ್ವಾ, ಹಂಗಾರ ನಾನೂ ಬುಟ್ಟಿ ಬಿಡ್ಲೇನು? ನಂದ ಮಾಳಗಿ ಇಲ್ಲ, ಇಲ್ಲೇ ನೆಲಕ್ಕ ಇಡ್ತೇನಿ. ಪೊಲೀಸ್ರು ಎಲಿ ಅಡಿಕಿ ಹಾಕಿ ಹೋಗ್ಲಿ.”

ಕಾಸಿಂಸಾಬ ಕಿಸೆಯಿಂದ ಎಲೆಯಡಿಕೆ ತೆಗೆದು ಬುಟ್ಟಿಗೆ ಹಾಕಿದ. ಓಣಿಯೆಲ್ಲ ನಕ್ಕಿತು. ನಕ್ಕವರಲ್ಲಿ ಮೇಲಿನ ಓಣಿಯವರಿದ್ದರು, ಕೆಳಗಿನವರಿದ್ದರು; ಮರೆವ್ವನ ಮಗಳು ಮುಂದೆ ನಡೆದು ದಾರಿ ತೋರಿಸುತ್ತಿದ್ದಳು, ಊರು ಅವಳ ಹಿಂದೆ ನಡೆಯುತ್ತಿತ್ತು. ಇಂಡಿಯಲ್ಲಿ ಹಾಗೆ ಆಗಿದ್ದು ಅದೇ ಮೊದಲು. ಅದು ಯಾರ ಗಮನಕ್ಕೂ ಬರಲಿಲ್ಲ, ಅವಳ ತಾಯಿಯೊಬ್ಬಳ ಹೊರತು. ಮರೆವ್ವ ಅಂಗಡಿಯ ಮುಂದೆ ಕುರ್ಚಿ ತಂದು ಹಾಕಿಕೊಂಡು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

ಗ್ರಂಥಾಲಯದ ಮೆಟ್ಟಿಲ ಎಡಬಲಕ್ಕೆ ಸಿಂಹಗಳು ಬೇಕಾಗಿದ್ದವು. ರೇಣುಕಾ ಎಡಕ್ಕೆ ಕಾನ್ಸ್‌ಟೇಬಲ್ ಮಾಳಿಂಗನನ್ನು ಕೂಡಿಸಿದ್ದಳು. ಮಾಳಿಂಗ ಯಂಕಂಚಿಯವನು, ಮೀಸೆ ದೊಡ್ಡದು.

“ಬಲಗಡೆ ಸಿಂಹ?” ಎಂದ ಸಂಗು.

“ಒಂದs ಸಾಕ್ರಿ,” ಎಂದ ಕಾಸಿಂಸಾಬ. “ಸ್ಟೇಷನ್ನಿನ್ಯಾಗ ಫೋನ್ ಎತ್ತಾಕ ಒಬ್ಬ ಉಳೀಬೇಕಲ್ಲ.”

ದಾನೇಶ್ವರಿ ಮೆಟ್ಟಿಲ ಬಳಿ ಬಂದಳು. ಮಾತಾಡುತ್ತಲೇ ಇದ್ದಳು, ಬಾಗಿಲ ಮೇಲಿನ ಕೆತ್ತನೆ ಬಣ್ಣಿಸುತ್ತ. ಮಾತಿನ ನಡುವೆಯೇ ಆಕೆಯ ಪಾದಗಳು ತಾವಾಗಿಯೇ ಚಪ್ಪಲಿಯಿಂದ ಹೊರಬಂದವು. ಹಿಂದೆ ಸೋಮನಿಂಗ ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದ, ಹಾಕಿದವನು ಅಲ್ಲೇ ನಿಂತ.

“ಯಾಕ ನಿಂತ್ರಿ?”

“ಅದು… ಅವತ್ತ ಬೂಟು ಕಳದಿದ್ವಿರಿ.” ಆತ ಕಿವಿಯವರೆಗೆ ಕೆಂಪಾದ. “ಗುಡಿ ಅಲ್ರಿ, ಕಾಲ್ಮರಿ ಹಾಕ್ಕೊಂಡು ಹ್ಯಾಂಗ ಹೋಗೂದು? ನಾವ್ ನಾಕೂ ಮಂದಿ ಬರಿಗಾಲಾಗ ಹ್ವಾದ್ವಿ. ಉಳದಾವ್ರೆಲ್ಲ ಬೂಟು ಹಾಕ್ಕೊಂಡs ಒಳಗದಾರ! ನಮ್ಮ ಕಾಲಿಂದು ಫೋಟೋ ಹೊಡಕೊಂಡ್ರು.”

“ಇದನ್ನ ಸ್ಟೇಷನ್ನಿನ್ಯಾಗ ಯಾಕ ಹೇಳ್ಲಿಲ್ಲ?”

“ನಾಚಿಕಿ ಬಂತ್ರಿ,” ಸಂಗು ಹೇಳಿದ. “ಶಂಕ್ರೆಪ್ಪ ಸಾವಕಾರ್ರು ಅಂದ್ರು, ಊರಾಗ ನಗತಾರ, ಬೂಟಿನ ಸುದ್ದೀನs ಬ್ಯಾಡ, ಎಲ್ಲಾರೂ ಕೂಡಿ ಹ್ವಾದ್ವಿ ಅಂತ ಹೇಳೂಣು ಅಂತ.”

“ಆತು. ಈಗ ಅವತ್ತಿನಂಗs ಕಳೀರಿ.”

ಮೂವರೂ ಬೂಟು ಕಳೆದರು. ದಾನೇಶ್ವರಿ ಹೆಗಲಿನಿಂದ ಬ್ಯಾಗು ಇಳಿಸಿ ತನ್ನ ಚಪ್ಪಲಿಯ ಮೇಲೆ ಇಟ್ಟು ಒಂದು ಮೆಟ್ಟಿಲು ಏರಿದಳು. ಏರಿದವಳು ಗಕ್ಕನೆ ತಿರುಗಿದಳು. ಬ್ಯಾಗನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು.

“ಮೇಡಂ… ಬ್ಯಾಗು.”

“ನೋಡೇನಿ.”

“ನಾ ಸುಳ್ಳ ಹೇಳಿಲ್ರಿ. ಖರೇನs ನೆನಪಿರಲಿಲ್ಲ. ನಮ್ಮವ್ವ ಹಿಂಗs ಮಾಡತಿದ್ಲು. ಎಲ್ಲಿಗಿ ಹೋದ್ರೂ ಚಪ್ಪಲಿ ಮ್ಯಾಲ ಗಂಟು. ಗಂಟು ಇದ್ರ ಚಪ್ಪಲಿ ಯಾರೂ ಒಯ್ಯೂದಿಲ್ಲ ಅಂತ.”

“ಅಂಜಬ್ಯಾಡ್ರಿ. ಅವತ್ತಿನಂಗs ಒಳಗ ನಡೀರಿ.”

ದಾನೇಶ್ವರಿ ಒಳಗೆ ಹೋದಳು. ಬಾಂಬು ನೋಡುವ ಅವಸರದಲ್ಲಿ ಆ ದಿನವೂ ಆಕೆಯೇ ಮೊದಲು ಹೋಗಿದ್ದಳು, ಹಿಂದೆ ನೋಡಿರಲಿಲ್ಲ. ಸೋಮನಿಂಗ, ಸಂಗು ಹಿಂಬಾಲಿಸಿದರು. ಶಂಕರೆಪ್ಪ ಕೆಳಗಿನ ಮೆಟ್ಟಿಲ ಮೇಲೆ ದಢಕ್ಕನೆ ಕುಳಿತ. ಕುಳಿತಲ್ಲಿಂದಲೇ ಕಾಲು ಚಾಚಿ, ನಾಲ್ಕು ಜೊತೆಯನ್ನೂ ಒಂದು ಸಾಲಿಗೆ ಎಳೆದುಕೊಂಡ. ತನ್ನದನ್ನು ಕೊನೆಗೆ.

ರೇಣುಕಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಶಂಕರೆಪ್ಪನವರ, ನೀವೂ ಒಳಗ ಹೋಗ್ರಿ.”

“ನಾ ಹ್ವಾದ್ರ ಬೂಟು ಯಾರ್ ಕಾಯಬೇಕ್ರಿ?”

ಮಾತು ಬಾಯಿಂದ ಬಿದ್ದ ಮೇಲೆ ಶಂಕರೆಪ್ಪ ಸುತ್ತ ನೋಡಿದ.  ಹೊಸ ಬೂಟನ್ನು ಕಾವಲಿಲ್ಲದೆ ಗುಡಿಯ ಹೊರಗೆ ಬಿಟ್ಟು ಹೋಗುವವರು ಈ ನಾಲ್ಕು ತಾಲೂಕಿನಲ್ಲಿ ಹುಟ್ಟಿಲ್ಲ ಎಂಬುದು ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು.

“ಮೇಡಂ,” ಎಂದ ಮಾಳಿಂಗ, ಕುಳಿತ ಭಂಗಿ ಬಿಡದೆ. “ಸಿಂಹ ಎಲ್ಲಾ ನೋಡೇತ್ರಿ.”

ಒಳಗಿನಿಂದ ಕರೆಸಿದ ಸೋಮನಿಂಗ, ಸಂಗು ಇಬ್ಬರೂ ಒಪ್ಪಿದರು: ಜಿನೋವಾದಲ್ಲಿ ಬೂಟು ಕಾಯ್ದವನು ಶಂಕರೆಪ್ಪ. ಒಳಗೆ ಬಂದಿರಲೇ ಇಲ್ಲ. ಅವನ ಹೇಳಿಕೆಯಲ್ಲಿ ಸಿಂಹಗಳಿದ್ದವು, ಬಾಂಬು ಇರಲಿಲ್ಲ. ಅದು ರೇಣುಕಾಳಿಗೆ ಈಗ ಅರ್ಥವಾಯಿತು.

ಶಂಕರೆಪ್ಪ ಎದ್ದು ಬೂಟು ಹಾಕಿಕೊಂಡ. ನಗು ಹೋಗಿತ್ತು, ಧೈರ್ಯ ಇತ್ತು. “ಕಾದೆ. ಏನಾತು? ಬ್ಯಾಗ್ ಮುಟ್ಟಿದ್ದು ಯಾರರೆ ನೋಡ್ಯಾರೇನು?”

ಯಾರೂ ನೋಡಿರಲಿಲ್ಲ. ರೇಣುಕಾ ಸೋಮನಿಂಗನ ಮೊಬೈಲ್ ಕೇಳಿ ತೆಗೆದುಕೊಂಡಳು. ಆ ದಿನದ ಫೋಟೋದಲ್ಲಿ ಕಲ್ಲಿನ ಸಿಂಹದ ಪಕ್ಕ ನಾಲ್ವರು ಬರಿಗಾಲಲ್ಲಿ ನಿಂತಿದ್ದರು. ಶಂಕರೆಪ್ಪನ ಮೈಮೇಲೆ ಕಡುನೀಲಿ ಕೋಟು.

“ಬಿಸಲಾಗ ಕೋಟು ಯಾಕ?”

“ಟೂರಿಗಂತ ಹೊಲಿಸಿದ್ದು ಮೇಡಂ,” ಸಂಗು ಮೆಲುದನಿಯಲ್ಲಿ ಹೇಳಿದ. “ಮಲಗೂಮುಂದ ಅಷ್ಟs ಕಳೀತಿದ್ರು.”

“ಊರಿಗೆ ಬಂದ ಮ್ಯಾಲ ಆ ಕೋಟು ಯಾರ ಕೈಗೆ ಹೋಗತೈತಿ?”

ಕಾಸಿಂಸಾಬ ಜೀಪಿನ ಕಡೆ ಆಗಲೇ ನಡೆದಿದ್ದ. “ಇಸ್ತ್ರಿಯವನ ಕೈಗೆ.”

ಸಿಂದಗಿ ಠಾಣೆಗೆ ತಿಳಿಸಿ, ಶಂಕರೆಪ್ಪನನ್ನೂ ಪಂಚರನ್ನೂ ಕರೆದುಕೊಂಡು ಹೊರಟರು. ಶಂಕರೆಪ್ಪನ ಅಂಗಡಿಯ ಎದುರಿಗೇ ಯುನೂಸನ ಇಸ್ತ್ರಿ ಅಂಗಡಿ. ಯುನೂಸ ಪೊಲೀಸರನ್ನು ನೋಡಿ ಪೆಟ್ಟಿಗೆಯನ್ನು ಬದಿಗೆ ನಿಲ್ಲಿಸಿದ.

“ಸಾವಕಾರ್ರ ನೀಲಿ ಕೋಟು ಬಂದಿತ್ತೇನು?”

“ಬಂದಿತ್ರಿ. ಒಳಕಿಸೆದಾಗ ಗಟ್ಟಿ ಏನೋ ಇತ್ತು, ನೋಡಲಿಲ್ಲ, ಇಸ್ತ್ರಿ ಒತ್ತಿಬಿಟ್ಟೆ. ಸೊಟ್ಟಾತು.” ಆತ ಶಂಕರೆಪ್ಪನ ಮುಖ ನೋಡಿ ಕಣ್ಣು ತಗ್ಗಿಸಿದ. “ಒಯ್ದು ಕೊಟ್ಟೆ. ಸಾವಕಾರ್ರು ತಿಪ್ಪಿಗೆ ಒಗದ ಬಿಡು ಅಂದ್ರು.”

“ಒಗದಿ?”

“ಇಲ್ರಿ. ಹೆಸರಿತ್ತಲ್ರಿ ಅದರ ಮ್ಯಾಲ. ಯಾರದೋ ಹೆಣ್ಮಗಳ ಹೆಸರು. ಹೆಸರಿದ್ದದ್ದನ್ನ ತಿಪ್ಯಾಗ ಹ್ಯಾಂಗ ಒಗೀಲಿ?”

ಯುನೂಸ ಗೋಡೆಯ ಕನ್ನಡಿಯ ಹಿಂದೆ ಕೈ ಹಾಕಿ ತೆಗೆದ. ಒಂದು ಮೂಲೆ ಕಾವಿಗೆ ಹಪ್ಪಳದಂತೆ ಎದ್ದಿದ್ದ ಕಾರ್ಡು. ಹಡಗಿನ ಚಿತ್ರದ ಕೆಳಗೆ ದಾನೇಶ್ವರಿಯ ಹೆಸರು ನೆಟ್ಟಗಿತ್ತು.

ಪಂಚನಾಮೆ ಬರೆದು ಕಾರ್ಡು ಜಪ್ತಿ ಮಾಡಲಾಯಿತು. ಮಧ್ಯಾಹ್ನ ಮೂರು ಗಂಟೆಗೆ ಶಂಕರೆಪ್ಪನನ್ನು ಬಂಧಿಸಿ, ಬಂಧನದ ಕಾರಣ ತಿಳಿಸಿ, ಮನೆಯವರಿಗೆ ಸುದ್ದಿ ಕೊಟ್ಟು ಇಂಡಿಗೆ ತರಲಾಯಿತು. ದಾರಿಯಲ್ಲಿ ಜೀಪಿನ ಸೀಟು ಕಿರುಗುಟ್ಟಿತು, ಯಾರೂ ನಗಲಿಲ್ಲ.

ಠಾಣೆಯಲ್ಲಿ ದಾನೇಶ್ವರಿ ಕಾರ್ಡು ಗುರುತಿಸಿದಳು. ಮೂಲೆಯ ಸುಟ್ಟ ಗುರುತನ್ನು ಬೆರಳಿನಿಂದ ಸವರಿ ಕೇಳಿದಳು: “ಅಣ್ಣಾ, ನಿನಗೇನ ಬಂತು ಇದರಾಗ? ಏಜೆನ್ಸಿ ನಿನಗ ಬರೂದಲ್ಲ, ನೀ ಮೂರನೇ ನಂಬರ.”

ಶಂಕರೆಪ್ಪ ಹೇಳಿದ್ದು ಇಷ್ಟು. ಊಟದ ಮೇಜಿನ ಫೋಟೋಗಳು ದಿನವೂ ಊರಿಗೆ ಹೋಗುತ್ತಿದ್ದವು. ಎರಡನೆಯ ರಾತ್ರಿಯೇ ಅಣ್ಣನ ಫೋನು: ಅವಳ ಪಕ್ಕ ಕೂತು ಅವಳ ಡಬ್ಬಿಯದನ್ನು ತಿನ್ನುವುದು ಊರೆಲ್ಲ ನೋಡಿದೆ, ಸಾಲದ್ದಕ್ಕೆ ಅವಳ ತಲೆಗೆ ಕೈಯಾರೆ ರುಮಾಲು ಸುತ್ತುತ್ತೀಯಂತೆ, ಆ ಫೋಟೋ ಒಂದು ಬರಲಿ, ನಮ್ಮ ಹೊಸ್ತಿಲು ತುಳಿಯಬೇಡ ಎಂದ.

“ಸ್ಟೇಜಿನ ಮ್ಯಾಲ ಒಲ್ಲೆ ಅನ್ನಾಕ ಮಾರಿ ಇರಲಿಲ್ರಿ. ಅಣ್ಣಗ ಒಲ್ಲೆ ಅನ್ನಾಕ ಎದಿ ಇರಲಿಲ್ಲ. ಅಕಿನs ಇಲ್ಲದಂಗ ಆದ್ರ ಎಲ್ಲಾ ಸುಮ್ಮಗಾಗತೈತಿ ಅಂದ್ಕೊಂಡೆ. ಬೂಟು ಕಾಯೂಮುಂದ ಬ್ಯಾಗು ಕಣ್ಣ ಮುಂದs ಇತ್ತು. ಹಡಗಿನವ್ರಿಗೆ ನಾ ಹೇಳತೇನಿ ಅಂತ ಸೋಮನಿಂಗಗ, ಸಂಗ್ಯಾಗ ಅಂದೆ, ಆದ್ರ ಏನೂ ಹೇಳ್ಲಿಲ್ಲ. ಆಮ್ಯಾಲ ಕಾರ್ಡು ಸಮುದ್ರಕ್ಕ ಒಗೀಬೇಕಂತ ಹಡಗಿನ ಅಂಚಿನ ಕಟಾಂಜನದ ಮಟಾ ಹ್ವಾದೆ. ಅದರ ಮ್ಯಾಲಿನ ಹೆಸರ ನೋಡಿ ಕೈ ಬರಲಿಲ್ಲ.”

ರೇಣುಕಾ ಪೆನ್ನು ಕೆಳಗಿಟ್ಟಳು. ಇದನ್ನು ಬರೆದರೆ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕಲಂ ಸೇರುತ್ತದೆ, ಕಡತ ಡಿವೈಎಸ್‌ಪಿ ಅವರಿಗೆ ಹೋಗುತ್ತದೆ, ಜಾಮೀನು ಸುಲಭವಿಲ್ಲ. ಅದನ್ನೆಲ್ಲ ಆತನಿಗೆ ತಿಳಿಸಿ ಹೇಳಿದಳು. ಪೊಲೀಸರ ಮುಂದೆ ಹೇಳಿದ್ದು ಸಾಲದು, ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕಾಗುತ್ತದೆ, ಹೇಳಲೇಬೇಕೆಂಬ ಬಲವಂತವಿಲ್ಲ ಎಂದಳು.

ಹೊತ್ತು ಇಳಿಯುವ ಮುಂಚೆ ಶಂಕರೆಪ್ಪನ ಅಣ್ಣ ವಕೀಲರನ್ನು ಕರೆದುಕೊಂಡು ಬಂದ. ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಅಂಗಿ. ದಾನೇಶ್ವರಿ ಕುಳಿತಿದ್ದ ಬೆಂಚಿನಲ್ಲಿ ಜಾಗವಿತ್ತು. ಆತ ನಿಂತೇ ಇದ್ದ. ರೇಣುಕಾಳಿಗೆ ಕೈ ಮುಗಿದು, ತಮ್ಮನ ಕಡೆ ತಿರುಗಿದ.

“ವಕೀಲರ ಕೂಡ ಮಾತಾಡೇನಿ. ಚ್ಯಾಷ್ಟಿಗೆ ಮಾಡ್ದೆ ಅಂತ ಬರಸು. ಗೆಳ್ಯಾರಾಗ ಚ್ಯಾಷ್ಟಿ ಇರೂದs. ಹಡಗ ಬಿಡತೈತಿ ಅಂತ ಗೊತ್ತಿರಲಿಲ್ಲ ಅನ್ನು. ಕಳವೂ ಇಲ್ಲ, ಕಾಯ್ದೆನೂ ಇಲ್ಲ. ಕಂಪನಿಯವ್ರು ಆ ಹೆಣ್ಮಗಳಿಗೆ ಏಜೆನ್ಸಿ ಕೊಡ್ಲಿ, ನಮ್ಮದೇನೂ ತಕರಾರಿಲ್ಲ. ಎಲ್ಲಾರದೂ ಚಲೋ ಆಗತೈತಿ.” ದನಿ ತಗ್ಗಿಸಿದ. “ಫೋಟೋದ್ದು, ನಾ ಫೋನ್ ಮಾಡಿದ್ದು, ಅದೇನೂ ಬಾಯಾಗ ಬರಬಾರದು. ತಿಳೀತೇನು?”

ಶಂಕರೆಪ್ಪ ತಲೆ ಎತ್ತಿದ. ಅಣ್ಣನನ್ನು ನೋಡಿದ, ಬೆಂಚಿನ ಮೇಲಿದ್ದ ದಾನೇಶ್ವರಿಯನ್ನು ನೋಡಿದ. ಆಕೆಯ ಬ್ಯಾಗು ಈಗ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು.

“ತಿಳೀತು,” ಎಂದ. ಕಾಸಿಂಸಾಬನ ಕಡೆ ತಿರುಗಿದ. “ಬರಕೋರಿ ಸಾಬ್ರ. ಮರೆವ್ವ ಮಾಡಿ ಕೊಟ್ಟ ಶೇಂಗಾ ಚಟ್ನಿ ನಾ ಅಷ್ಟೂ ದಿನ ತಿಂದೇನಿ. ಡಬ್ಬಿ ಬಳದು ತಿಂದೇನಿ. ಮೊದಲ ಅದನ್ನ ಬರಕೋರಿ. ಆಮ್ಯಾಲ ಅಣ್ಣನ ಫೋನಿಂದು.”

“ಏ ತಮ್ಮಾ! ಚ್ಯಾಷ್ಟಿ ಅನ್ನು ಅಂದ್ನಿ.”

“ಅನ್ನೂದಿಲ್ಲಣ್ಣ.”